ಬರ್ಗರ್, ಕ್ವಿನೋವಾ, ಬಸ್ಸಾರು: ನಾಲ್ಕು ವಾರದ ಲೆಕ್ಕ

ನಾನು ಲೆಕ್ಕ ಬರೆಯುವವಳು. ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ ಬೇರೆಯವರ ಬಿಲ್ಲು ತಾಳೆ ನೋಡುವುದೇ ನನ್ನ ಹೊಟ್ಟೆಪಾಡು. ಆದರೆ ನಮ್ಮ ಮನೆಯ ಊಟಕ್ಕೆ ವಾರಕ್ಕೆಷ್ಟು ಹೋಗುತ್ತದೆ ಎಂದು ಯಾರಾದರೂ ಕೇಳಿದ್ದರೆ ತಲೆ ಕೆರೆದುಕೊಳ್ಳಬೇಕಿತ್ತು. 'ಮನೇಲಿ ಮಾಡ್ಕೊಂಡು ತಿಂದ್ರೆ ಅರ್ಧ ದುಡ್ಡು ಉಳಿಯುತ್ತೆ ಕಣೇ' ಎನ್ನುವುದು ಚನ್ನರಾಯಪಟ್ಟಣದಲ್ಲಿರುವ ಅಮ್ಮನ ಮಾತು. 'ಎಲ್ಲಿ ಉಳಿಯುತ್ತೆ, ತೆಂಗಿನಕಾಯಿ ರೇಟ್ ನೋಡಿದೀಯಾ?' ಎನ್ನುವುದು ನನ್ನ ಗಂಡನದು. ಇಬ್ಬರೂ ಒಂದು ದಿನವೂ ಬರೆದಿಟ್ಟವರಲ್ಲ. ಸರಿ, ನಾನೇ ಬರೆಯೋಣ ಅಂತ ಕೂತೆ.

ಮನೆಯಲ್ಲಿ ನಾವಿಬ್ಬರೇ, ನಾಗರಬಾವಿಯಲ್ಲಿ ಬಾಡಿಗೆ ಮನೆ. ಭಾನುವಾರ ಅತ್ತೆ ಮನೆಯಲ್ಲಿ ಊಟ, ಅದು ಲೆಕ್ಕಕ್ಕಿಲ್ಲ. ಉಳಿದ ಆರು ದಿನ, ದಿನಕ್ಕೆ ಮೂರು ಹೊತ್ತು, ಇಬ್ಬರು: ವಾರಕ್ಕೆ 36 ಊಟ. ಒಂದೊಂದು ವಾರ ಒಂದೊಂದು ಥರ ತಿನ್ನುವುದು, ಪ್ರತಿ ಬಿಲ್ಲನ್ನೂ ಎತ್ತಿಡುವುದು, ಅಡುಗೆಮನೆಯಲ್ಲಿ ಕಳೆದ ಸಮಯವನ್ನೂ ಗುರುತು ಹಾಕಿಕೊಳ್ಳುವುದು.

ಒಂದು ವಿಷಯ ಮೊದಲೇ ಹೇಳಬೇಕು. ಮನೆ ಅಡುಗೆ ದುಬಾರಿ ಎನ್ನುವವರಲ್ಲಿ ಹೆಚ್ಚಿನವರು ದಾಸ್ತಾನು ಕಳೆಯುವುದನ್ನೇ ಮರೆತಿರುತ್ತಾರೆ. ಒಂದು ಲೀಟರ್ ಎಣ್ಣೆ, ಒಂದು ಕೆಜಿ ಬೇಳೆ, ಸಾರಿನ ಪುಡಿ ಎಲ್ಲ ತಂದ ವಾರ ಬಿಲ್ಲು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಶನಿವಾರ ರಾತ್ರಿ ಡಬ್ಬಿಗಳಲ್ಲಿ ಎಷ್ಟು ಮಿಕ್ಕಿದೆ ಎಂದು ತೂಗಿ ಕಳೆದರೆ ತಾನೆ ತಿಂದದ್ದು ಎಷ್ಟೆಂದು ಗೊತ್ತಾಗುವುದು? ಆಫೀಸಿನಲ್ಲಿ ಇದನ್ನು ಮಾಡದೆ ಬಂದರೆ ಸಾಹೇಬರು ಉಗಿಯುತ್ತಾರೆ. ಮನೆಯಲ್ಲಿ ಕೇಳುವವರಿಲ್ಲ ಅಷ್ಟೇ.

ಮೊದಲ ವಾರ ಪೂರ್ತಿ ಫೋನಿನಿಂದ. ಬರ್ಗರ್, ಪಿಜ್ಜಾ, ಫ್ರೈಡ್ ರೈಸ್, ಒಂದು ದಿನ ಬಿರಿಯಾನಿ. ಖುಷಿಯಾಗಿಯೇ ತಿಂದೆವು, ಸುಳ್ಳು ಹೇಳುವುದಿಲ್ಲ. ಮಂಗಳವಾರ ರಾತ್ರಿಯ ಬಿಲ್ಲೊಂದನ್ನು ಮಾತ್ರ ಬಿಡಿಸಿ ನೋಡಿದೆ. ಬರ್ಗರ್ ಕಾಂಬೋ ಎರಡು, ತಲಾ ₹199, ಒಟ್ಟು ₹398. ಪ್ಯಾಕಿಂಗ್‌ಗೆ ₹20. ಊಟದ ಮೇಲೆ 5% ಜಿಎಸ್‌ಟಿ ₹21. ತಂದುಕೊಡುವುದಕ್ಕೆ ₹35, ಆ್ಯಪ್ ಬಳಸಿದ್ದಕ್ಕೆ ₹15, ಈ ಎರಡರ ಮೇಲೂ ತೆರಿಗೆ ₹9. ಕೈಯಿಂದ ಹೋದದ್ದು ₹498. ಬಾಯಿಗೆ ಹೋದದ್ದು ₹398ರದ್ದು, ಮಿಕ್ಕ ನೂರು ರೂಪಾಯಿ ಬಾಗಿಲವರೆಗೆ ಬಂದ ಖರ್ಚು. ಕೂಪನ್ ಇರುತ್ತದಲ್ಲ ಅನ್ನಬೇಡಿ. ಕೂಪನ್ ಸಿಗಲೆಂದೇ ಬೇಡದ ಫ್ರೆಂಚ್ ಫ್ರೈಸ್ ಮೂರು ದಿನ ತರಿಸಿದ್ದೇವೆ.

ವಾರದ ಮೊತ್ತ ₹6,180. ಒಂದು ಊಟಕ್ಕೆ ₹172 ಬಿತ್ತು. ತರಕಾರಿ ಎಷ್ಟು ತಿಂದೆವೆಂದು ಎಣಿಸಲು ಹೋಗಿ ನಗು ಬಂತು: ಲೆಟ್ಯೂಸ್ ಚೂರು, ಈರುಳ್ಳಿ ಬಿಲ್ಲೆ, ಫ್ರೈಡ್ ರೈಸಿನ ಕ್ಯಾರೆಟ್. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎನ್ನುತ್ತದೆ, ಅದರಲ್ಲಿ ಆಲೂಗಡ್ಡೆಗೆ ಜಾಗ ಇಲ್ಲ. ಆಲೂಗಡ್ಡೆ ತೆಗೆದರೆ ನಮ್ಮ ವಾರದಲ್ಲಿ ಉಳಿಯುವುದು ಒಂದು ಬಟ್ಟಲು.

ಎರಡನೇ ವಾರ 'ಹೆಲ್ದಿ'. ಇದು ನನ್ನ ಗಂಡನ ಉಸ್ತುವಾರಿ. ವಿಡಿಯೋ ನೋಡಿ ಪಟ್ಟಿ ಮಾಡಿದರು: ಕ್ವಿನೋವಾ, ಚಿಯಾ ಬೀಜ, ಆಲಿವ್ ಎಣ್ಣೆ, ಬ್ರೊಕೊಲಿ, ಆವಕಾಡೊ, ಪನೀರ್, ಮೂರು ಬಣ್ಣದ ದಪ್ಪ ಮೆಣಸಿನಕಾಯಿ. ಸೂಪರ್ ಮಾರ್ಕೆಟ್ಟಿನ ಬಿಲ್ಲು ಮೊಣಕೈ ಉದ್ದ ಬಂತು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

'ಅದ್ಯಾವ್ದೇ ಅದು ಕ್ವಿನೋವಾ?'

'ನವಣೆ ಥರಾನೇ ಅಮ್ಮ, ಸಣ್ಣ ಕಾಳು.'

'ನವಣೆ ಥರಾನೇ ಇದ್ರೆ ನವಣೆನೇ ತಗೋಬಾರ್ದಾಗಿತ್ತಾ?'

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವಕಾಡೊ ಎಂದರೆ ನಮ್ಮ ಬೆಣ್ಣೆಹಣ್ಣೇ. ಕೊಡಗಿನಿಂದ ಬಂದದ್ದು ಸೀಸನ್ನಿನಲ್ಲಿ ತಳ್ಳುಗಾಡಿಯಲ್ಲೂ ಸಿಗುತ್ತದೆ. ಸ್ಟಿಕ್ಕರ್ ಅಂಟಿಸಿಕೊಂಡು ಹೊರದೇಶದಿಂದ ಬಂದದ್ದಕ್ಕೆ ಅದರ ಮೂರು ಪಟ್ಟು ಕೊಟ್ಟು ಬಂದಿದ್ದರು. ಎರಡರಲ್ಲಿ ಒಂದು ಕಲ್ಲಿನಂತೆ ಕೂತಿತು, ಇನ್ನೊಂದು ನಾವು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಒಳಗೆ ಕಪ್ಪಾಗಿತ್ತು. ಲೆಟ್ಯೂಸ್ ಗುರುವಾರಕ್ಕೇ ಫ್ರಿಜ್ಜಿನಲ್ಲಿ ಲೋಳೆಯಾಯಿತು. ಎರಡು ರಾತ್ರಿ ಇಬ್ಬರಿಗೂ ಬೇಜಾರಾಗಿ ಮತ್ತೆ ಫೋನೇ ಎತ್ತಿದೆವು.

ತಂದದ್ದು ₹5,300. ಮಿಕ್ಕ ದಾಸ್ತಾನು ₹1,450. ಹೊರಗಿನ ಎರಡು ರಾತ್ರಿ ₹760. ಒಟ್ಟು ₹4,610, ಊಟಕ್ಕೆ ₹128. ಮನೆಯಲ್ಲೇ ಮಾಡಿಕೊಂಡರೂ ಇಷ್ಟು. 'ಆರೋಗ್ಯವಾಗಿ ತಿನ್ನೋಕೆ ದುಡ್ಡಿರಬೇಕು' ಎನ್ನುವವರು ಈ ವಾರವನ್ನು ತೋರಿಸಿಯೇ ಮಾತಾಡುತ್ತಾರೆ ಅನಿಸಿತು. ಇಂಥ ಬುಟ್ಟಿ ಹಿಡಿದರೆ ಅವರ ಮಾತು ನಿಜವೂ ಹೌದು.

ಮೂರನೇ ವಾರ ನನ್ನದು. ಅಂದರೆ ಅಮ್ಮನದು. ರಾಗಿ ಹಿಟ್ಟು, ಅಕ್ಕಿ, ಹುರುಳಿಕಾಳು, ತೊಗರಿಬೇಳೆ, ಮೊಸರು, ಗಾಡಿಯವನ ಸೊಪ್ಪು, ಆಯಾ ವಾರ ಅಗ್ಗ ಇದ್ದ ತರಕಾರಿ.

ಬಸ್ಸಾರು ಮಾಡುವಾಗ ನನ್ನೊಳಗಿನ ಲೆಕ್ಕದವಳಿಗೆ ಮಹಾ ಸಂತೋಷವಾಗುತ್ತದೆ. ರಾತ್ರಿ ನೆನೆಹಾಕಿದ ಹುರುಳಿಕಾಳನ್ನು ಕುಕ್ಕರಿನಲ್ಲಿ ಕೂಗಿಸಿ, ಮುಚ್ಚಳ ತೆಗೆದು, ದಂಟಿನ ಸೊಪ್ಪು ಹಾಕಿ ಇನ್ನೊಂದು ಕುದಿ ಬಂದ ಮೇಲೆ ಬಸಿಯುವುದು. ಕೆಳಗೆ ಇಳಿಯುವ ಕಂದು ಬಣ್ಣದ ಕಟ್ಟು ಸಾರಿಗೆ, ಮೇಲೆ ನಿಲ್ಲುವ ಕಾಳು ಸೊಪ್ಪು ಪಲ್ಯಕ್ಕೆ. ಈರುಳ್ಳಿ ಬೆಳ್ಳುಳ್ಳಿ ಬಾಡಿಸಿ, ಕಾಯಿ, ಜೀರಿಗೆ, ನಾಲ್ಕು ಮೆಣಸು, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಸೊಪ್ಪಿನದೇ ಒಂದು ಹಿಡಿ ಹಾಕಿ ರುಬ್ಬಿದರೆ ಸಾರು ತಾನಾಗಿ ಮಂದವಾಗುತ್ತದೆ. ಒಂದು ಪಾತ್ರೆ, ಒಂದು ಉರಿ, ಎರಡು ಪದಾರ್ಥ. ಚರಂಡಿಗೆ ಚೆಲ್ಲುವುದು ಸೊಪ್ಪು ತೊಳೆದ ನೀರು ಮಾತ್ರ. ಮಾರನೇ ದಿನಕ್ಕೆ ಸಾರು ಇನ್ನೂ ರುಚಿ, ಹಾಗಾಗಿ ಡಬ್ಬಿಗೂ ಆಯಿತು.

ಸೋಮವಾರದ ಲೆಕ್ಕ: ಸೊಪ್ಪು ಎರಡು ಕಟ್ಟು ₹40, ಕಾಳು ₹12, ಕಾಯಿ ಕಾಲು ಭಾಗ ₹14, ರಾಗಿ ಹಿಟ್ಟು ಕಾಲು ಕೆಜಿ ₹14, ಅಕ್ಕಿ ₹10, ಈರುಳ್ಳಿ, ಎಣ್ಣೆ, ಮಸಾಲೆ ಎಲ್ಲ ಸೇರಿ ₹20. ಒಟ್ಟು ₹110. ರಾತ್ರಿ ಇಬ್ಬರು ಉಂಡು, ಮಾರನೇ ಮಧ್ಯಾಹ್ನ ಸಾರಿನಲ್ಲೇ ಅನ್ನ ಕಲಸಿ ಎರಡು ಡಬ್ಬಿ ಕಟ್ಟಿದ್ದೆ. ಒಂದು ಬರ್ಗರಿನ ದುಡ್ಡಿನಲ್ಲಿ ನಾಲ್ಕು ಊಟ. ರಾಗಿಯಲ್ಲಿ 100 ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ ಇರುತ್ತದೆ, ಅದು ಪುಕ್ಕಟೆ ಬಂದದ್ದು.

ದಾಸ್ತಾನು ಕಳೆದು ವಾರಕ್ಕೆ ₹1,950. ಗ್ಯಾಸು ಸೇರಿಸಬೇಕು: 14.2 ಕೆಜಿ ಸಿಲಿಂಡರಿಗೆ ₹855 ಕೊಟ್ಟಿದ್ದೆ, ನಮಗೆ ನಲವತ್ತೈದು ದಿನ ಬರುತ್ತದೆ, ಅಂದರೆ ದಿನಕ್ಕೆ ₹19, ಆರು ದಿನಕ್ಕೆ ₹114. ಒಟ್ಟು ₹2,064. ಊಟಕ್ಕೆ ₹57. ಮೊದಲ ವಾರದ ಮೂರನೇ ಒಂದು ಪಾಲು.

ಅಮ್ಮ ಗೆದ್ದಳು ಅಂತ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಗೋಡೆಗೆ ಅಂಟಿಸಿದ್ದ ಸಮಯದ ಚೀಟಿ ಹಾಗೆ ಬಿಡಲಿಲ್ಲ. ಸೊಪ್ಪು ಸೋಸಿದ್ದು, ಕಾಯಿ ತುರಿದದ್ದು, ಪಾತ್ರೆ ತೊಳೆದದ್ದು, ಸಾಮಾನು ತಂದದ್ದು ಎಲ್ಲ ಸೇರಿ ಆರು ದಿನಕ್ಕೆ 11 ಗಂಟೆ 40 ನಿಮಿಷ. ಅದರಲ್ಲಿ ನನ್ನ ಗಂಡನ ಪಾಲು 2 ಗಂಟೆ 10 ನಿಮಿಷ. (ಇದನ್ನು ಓದಿ ಅವರು 'ಕಸ ಹಾಕಿದ್ದು ಬರೆದಿಲ್ಲ' ಅಂದರು. ಬರೆದಿದ್ದೇನೆ, ನಾಲ್ಕು ನಿಮಿಷ.) 'ಮನೆ ಊಟ ಅಗ್ಗ' ಎನ್ನುವ ಮಾತಿನಲ್ಲಿ ಈ ಗಂಟೆಗಳಿಗೆ ಯಾರೂ ಬಿಲ್ಲು ಹಾಕಿರುವುದಿಲ್ಲ, ಏಕೆಂದರೆ ಅವು ಸಾಮಾನ್ಯವಾಗಿ ಒಬ್ಬಳದೇ ಆಗಿರುತ್ತವೆ.

ಬಿಲ್ಲು ಹಾಕಿಯೇ ನೋಡಿದೆ. ಮೊದಲ ವಾರಕ್ಕೂ ಮೂರನೇ ವಾರಕ್ಕೂ ವ್ಯತ್ಯಾಸ ₹4,116. ಹನ್ನೊಂದೂ ಮುಕ್ಕಾಲು ಗಂಟೆಗೆ ಹಂಚಿದರೆ ಗಂಟೆಗೆ ₹350. ಅಂದರೆ ಫೋನಿನಲ್ಲಿ ತರಿಸಿಕೊಂಡವರು ಪ್ರತಿ ಗಂಟೆ ಬಿಡುವಿಗೆ ₹350 ತೆತ್ತಂತೆ. ನನ್ನ ಸಂಬಳ ಗಂಟೆಗೆ ಅಷ್ಟು ಬೀಳುವುದಿಲ್ಲ. ಅದೂ ಏನು ತರಿಸುವುದು ಅಂತ ಇಪ್ಪತ್ತು ನಿಮಿಷ ಸ್ಕ್ರೀನ್ ತಿಕ್ಕಿದ್ದನ್ನು ಲೆಕ್ಕಕ್ಕೆ ಹಿಡಿಯದೆ.

ನಾಲ್ಕನೇ ವಾರ ಹುಟ್ಟಿದ್ದು ಇಲ್ಲಿಂದ. ಚೀಟಿ ನೋಡಿದರೆ ಹೆಚ್ಚು ಸಮಯ ತಿಂದದ್ದು ಬೆಳಗಿನ ತಿಂಡಿ: 4 ಗಂಟೆ 40 ನಿಮಿಷ. ಇಡ್ಲಿಯನ್ನೇ ತಗೊಳ್ಳಿ. ಮೂರು ಪಾವು ಇಡ್ಲಿ ಅಕ್ಕಿ, ಒಂದು ಪಾವು ಉದ್ದಿನಬೇಳೆ, ₹60ರ ಸಾಮಾನಿಗೆ ಮೂವತ್ತೈದು ಇಡ್ಲಿ. ಒಂದಕ್ಕೆ ಎರಡು ರೂಪಾಯಿಯೂ ಬೀಳುವುದಿಲ್ಲ. ಆದರೆ ಇಬ್ಬರಿಗೆ ಒಂದು ಬೆಳಿಗ್ಗೆ ಬೇಕಾದದ್ದು ಆರು. ಮಿಕ್ಕ ಹಿಟ್ಟು ಎರಡನೇ ದಿನ ದೋಸೆ, ಮೂರನೇ ದಿನ ಪಡ್ಡು, ನಾಲ್ಕನೇ ದಿನ ಹುಳಿ ಬಂದು ಮುಖ ಕಿವುಚುವ ಹಾಗೆ. ಹಿಟ್ಟು ರುಬ್ಬುವುದು ಐದಾರು ಜನರ ಮನೆಗೆ ಹೇಳಿ ಮಾಡಿಸಿದ ಕೆಲಸ.

ನಮ್ಮ ರಸ್ತೆ ಕೊನೆಯಲ್ಲಿ ಒಂದು ದರ್ಶಿನಿ ಇದೆ. ಬೆಂಗಳೂರಿನಲ್ಲಿ ದರ್ಶಿನಿ ಶುರುವಾದದ್ದು 1983ರಲ್ಲಿ, ಜಯನಗರದಲ್ಲಿ. ಕುರ್ಚಿ ಇಲ್ಲ, ಮಾಣಿ ಇಲ್ಲ, ಟೋಕನ್ ತಗೊಂಡು ನಿಂತು ತಿಂದು ಹೊರಡುವುದು. ಹತ್ತು ನಿಮಿಷಕ್ಕೊಬ್ಬರು ಜಾಗ ಖಾಲಿ ಮಾಡುವುದರಿಂದ ಅಷ್ಟು ಚಿಕ್ಕ ಜಾಗದ ಬಾಡಿಗೆ ನೂರಾರು ತಟ್ಟೆಗೆ ಹಂಚಿಹೋಗುತ್ತದೆ. ಇದೂ ಫಾಸ್ಟ್ ಫುಡ್ಡೇ, ಆದರೆ ಬಿಸಿ ಹಬೆಯಲ್ಲಿ ಬೆಂದದ್ದು. ಎರಡು ಇಡ್ಲಿ, ಒಂದು ವಡೆ, ಕಾಫಿ: ₹85. ಆರೋಗ್ಯದ ವಿಷಯದಲ್ಲಿ ವಡೆ ನನ್ನ ದೌರ್ಬಲ್ಯ, ಬಿಡಿ.

ಬೆಳಿಗ್ಗೆ ದರ್ಶಿನಿ, ಮಧ್ಯಾಹ್ನ ರಾತ್ರಿ ಮನೆಯದು. ತಿಂಡಿಗೆ ₹1,020, ಮನೆ ಊಟಕ್ಕೆ ಗ್ಯಾಸು ಸೇರಿ ₹1,480, ಒಟ್ಟು ₹2,500. ಊಟಕ್ಕೆ ₹69. ಅಡುಗೆಮನೆ ಸಮಯ 7 ಗಂಟೆಗೆ ಇಳಿಯಿತು. ಮೂರನೇ ವಾರಕ್ಕಿಂತ ₹436 ಹೆಚ್ಚು ಕೊಟ್ಟು 4 ಗಂಟೆ 40 ನಿಮಿಷ ಉಳಿಸಿಕೊಂಡೆ, ಗಂಟೆಗೆ ₹93. ಇದೇ ಬಿಡುವಿಗೆ ಆ್ಯಪಿನವರು ₹350 ಕೇಳುತ್ತಿದ್ದರು. ನನಗೆ ಒಪ್ಪಿಗೆಯಾದ ರೇಟು ಇದು.

ಈ ಲೆಕ್ಕ ಒಲೆ, ಫ್ರಿಜ್ಜು, ಇಬ್ಬರ ಸಂಬಳ ಇರುವ ಮನೆಯದು. ಪಿಜಿಯಲ್ಲಿ ಒಂದು ಮಂಚ ಹಿಡಿದಿರುವ ಹುಡುಗನಿಗೆ ಬಸ್ಸಾರಿನ ಕಥೆ ಹೇಳಿ ಏನು ಪ್ರಯೋಜನ? ಅವನ ಮಟ್ಟಿಗೆ ಸ್ಪರ್ಧೆ ಇಂದಿರಾ ಕ್ಯಾಂಟೀನಿಗೂ ಬರ್ಗರಿಗೂ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ಅಲ್ಲಿ ತಿಂಡಿಗೆ ₹5, ಊಟಕ್ಕೆ ₹10. ಅದರ ಮುಂದೆ ನನ್ನ ₹57 ಕೂಡ ಐಷಾರಾಮಿ.

ನಾಲ್ಕನೇ ವಾರದ ಪದ್ಧತಿಯೇ ಈಗ ನಮ್ಮ ಮನೆಯಲ್ಲಿ ನಡೆಯುತ್ತಿದೆ. ಕಾಳು ನೆನೆಹಾಕುವುದು, ಸೊಪ್ಪು ಸೋಸುವುದು ಗಂಡನ ಪಾಲಿಗೆ ಬಂದಿವೆ. ಸೊಪ್ಪಿನ ಜೊತೆ ಅರ್ಧ ಬೇರೂ ಪಾತ್ರೆಗೆ ಬೀಳುತ್ತದೆ, ಇರಲಿ. ಮಿಕ್ಕ ಕ್ವಿನೋವಾ ಡಬ್ಬಿಯಲ್ಲಿ ಹಾಗೇ ಇದೆ, ಒಂದು ದಿನ ಉಪ್ಪಿಟ್ಟು ಮಾಡಬೇಕು. ಬರ್ಗರ್ ಬಿಟ್ಟಿಲ್ಲ. ಶುಕ್ರವಾರ ರಾತ್ರಿ ಇಬ್ಬರೂ ಒಂದು ಕಿಲೋಮೀಟರ್ ನಡೆದುಹೋಗಿ ಅಂಗಡಿಯಲ್ಲೇ ಕೂತು ತಿನ್ನುತ್ತೇವೆ. ಅದೇ ಎರಡು ಕಾಂಬೋ, ₹418.