ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ: ವಾರ್ಡಿನ ಕೆಲಸದ ನಡುವೆ ಎರಡು ವರ್ಷ ಬಳಸಿದ ಮೇಲೆ

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಜಿಎನ್‌ಎಂ ಮುಗಿಸಿ ಸ್ಟಾಫ್ ನರ್ಸ್ ಆದವಳು ನಾನು. ಔಷಧಿಗಳ ಹೆಸರು, ಡೋಸು ಎಲ್ಲ ಬಾಯಿಪಾಠ. ಆದರೆ ಒಂದು ವಾಕ್ಯ ನಾನೇ ಬರೆಯಬೇಕು ಎಂದರೆ ಕೈ ನಿಲ್ಲುತ್ತಿತ್ತು. ಒಮ್ಮೆ ನೈಟ್ ಡ್ಯೂಟಿ ಮುಗಿಸಿ ಹ್ಯಾಂಡೋವರ್ ಪುಸ್ತಕದಲ್ಲಿ 'ಸ್ಟ್ರಾಂಗ್ ಫೀವರ್' ಎಂದು ಬರೆದಿದ್ದೆ. ಬೆಳಗಿನ ರೌಂಡ್ಸಿಗೆ ಬಂದ ಡಾಕ್ಟರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಸುತ್ತ ನಿಂತಿದ್ದವರು ನಕ್ಕರು. ತಪ್ಪೇನು ಎಂದು ಯಾರೂ ಹೇಳಲಿಲ್ಲ.

ಅದೇ ತಿಂಗಳು ಬೆಂಗಳೂರಿಗೆ ಅಕ್ಕನ ಮನೆಗೆ ಹೋದಾಗ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ಅಂಗಡಿಯಿಂದ ಈ ನಿಘಂಟಿನ ಎಂಟನೇ ಆವೃತ್ತಿ ತಂದೆ. 2010ರದ್ದು. ಚೌಕಾಸಿ ಮಾಡಿ 300 ರೂಪಾಯಿ ಕೊಟ್ಟೆ.

ಮನೆಗೆ ಬಂದು ಮೊದಲು ತೆಗೆದಿದ್ದೇ ಫೀವರ್. ಅರ್ಥದ ಕೆಳಗೆ ಉದಾಹರಣೆಯಲ್ಲಿ 'ಹೈ ಫೀವರ್' ಎಂದಿತ್ತು. ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ದನಿಯೂ ಜೋರು, ಜ್ವರವೂ ಜೋರು. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ದನಿ ಲೌಡ್, ಜ್ವರ ಹೈ. ಒಂದು ಪದ ಯಾವ ಪದದ ಜೊತೆ ಹೋಗುತ್ತದೆ ಎನ್ನುವುದು ಬರೀ ಅರ್ಥ ಓದಿದರೆ ತಿಳಿಯುವುದಿಲ್ಲ, ವಾಕ್ಯದಲ್ಲಿ ನೋಡಿದರಷ್ಟೇ ತಿಳಿಯುತ್ತದೆ. ಅಲ್ಲಿಯವರೆಗೆ ನನ್ನ ಬಳಿ ಇದ್ದದ್ದು ಅಂಗೈಯಗಲದ ಇಂಗ್ಲಿಷ್-ಕನ್ನಡ ಡಿಕ್ಷನರಿ. ಅದರಲ್ಲಿ ರಿಫ್ಯೂಸ್‌ಗೂ ನಿರಾಕರಿಸು, ಡಿನೈಗೂ ನಿರಾಕರಿಸು. ಇದರಲ್ಲಿ ಎರಡರ ಉದಾಹರಣೆಗಳನ್ನೂ ಪಕ್ಕಪಕ್ಕ ಇಟ್ಟು ಓದಿದ ಮೇಲೆ ಗೊತ್ತಾಯಿತು: ರೋಗಿ ಮಾತ್ರೆ ಬೇಡ ಎಂದರೆ ರಿಫ್ಯೂಸ್, ಎದೆನೋವು ಇಲ್ಲ ಎಂದರೆ ಡಿನೈ. ಕೇಸ್‌ಶೀಟಿನಲ್ಲಿ ಇವು ಅದಲುಬದಲಾದರೆ ಮುಂದಿನ ಶಿಫ್ಟಿನವರಿಗೆ ತಪ್ಪು ಸುದ್ದಿ ಹೋಗುತ್ತದೆ.

ಕೇಸ್‌ಶೀಟಿನಲ್ಲಿ ದಿನಾ ಬರೆಯುವ 'ಸಿ/ಓ', ಅಂದರೆ 'ಕಂಪ್ಲೇನ್ಸ್ ಆಫ್', ಕೂಡ ಹಾಗೆಯೇ. ಕಂಪ್ಲೇನ್ ಎಂದರೆ ದೂರು ಎಂದಷ್ಟೇ ಕಲಿತಿದ್ದೆ. ಹೊಟ್ಟೆನೋವು ಎಂದು ಬಂದವರು ಯಾರ ಮೇಲೆ ದೂರು ಕೊಟ್ಟರು ಎಂದು ಓದುವಾಗಲೇ ಮನಸ್ಸಿಗೆ ಬರುತ್ತಿತ್ತು, ಕೇಳಲು ಸಂಕೋಚ. ಈ ನಿಘಂಟಿನಲ್ಲಿ 'ಕಂಪ್ಲೇನ್ ಆಫ್' ಎಂಬುದಕ್ಕೆ ಬೇರೆಯೇ ಜಾಗ ಕೊಟ್ಟು, ಇಂಥ ನೋವಿದೆ ಎಂದು ಹೇಳಿಕೊಳ್ಳುವುದು ಎಂದು ಬಿಡಿಸಿದ್ದಾರೆ. ಡಿಸ್ಕಸ್ ಹತ್ತಿರ ಅದರ ಮುಂದೆ ಅಬೌಟ್ ಹಾಕಬೇಡಿ ಎಂದು ಎಚ್ಚರಿಕೆಯನ್ನೇ ಬರೆದಿದ್ದಾರೆ. ನಮ್ಮ ವಾರ್ಡಿನಲ್ಲಿ ಎಲ್ಲರೂ ಮಾಡುವ ತಪ್ಪು ಅದು.

ಈ ನಿಘಂಟನ್ನು ಶುರು ಮಾಡಿದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. ಮೊದಲು ಅಚ್ಚಾಗಿದ್ದೂ ಟೋಕಿಯೋದಲ್ಲೇ, 1942ರಲ್ಲಿ. ಆಕ್ಸ್‌ಫರ್ಡಿನವರು ತಂದದ್ದು 1948ರಲ್ಲಿ. ಮನೆಯಲ್ಲಿ ಇಂಗ್ಲಿಷ್ ಇಲ್ಲದವರಿಗೆಂದೇ ಮಾಡಿದ ಪುಸ್ತಕ ಎನ್ನುವುದು ಪುಟಪುಟದಲ್ಲೂ ಕಾಣುತ್ತದೆ. ಅಡ್ವೈಸ್, ಫರ್ನಿಚರ್ ಮುಂದೆ 'ಯು' ಅಕ್ಷರ ಇದೆ. ಲೆಕ್ಕಕ್ಕೆ ಸಿಗದ ಪದ, ಕೊನೆಗೆ 'ಎಸ್' ಹಚ್ಚಬೇಡಿ ಎಂದು. ಮೊದಲು ಕಲಿಯಬೇಕಾದ 3000 ಪದಗಳಿಗೆ ಕೀಲಿಕೈ ಗುರುತು. ಅರ್ಥಗಳನ್ನೂ ಹೆಚ್ಚುಕಡಿಮೆ ಆ ಪದಗಳಲ್ಲೇ ಬರೆದಿರುವುದರಿಂದ ಒಂದು ಅರ್ಥ ತಿಳಿಯಲು ಇನ್ನೊಂದು ಪುಟ ತಿರುವುವ ಕಷ್ಟ ಕಡಿಮೆ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಕ್ಕೆ ಮೂರೇ ಪದ. ಪ್ರತಿ ಪದಕ್ಕೂ ನಿಘಂಟಿನ ಒಂದು ವಾಕ್ಯ, ಅದರ ಕೆಳಗೆ ವಾರ್ಡಿನ ಒಂದು ವಾಕ್ಯ. ನಿಘಂಟಿನ ವಾಕ್ಯಗಳಲ್ಲಿ ಬರುವುದು ಬಹುಪಾಲು ಅವರ ಊರು, ಅವರ ಚಳಿ, ಅವರ ಊಟ. ಡ್ರಿಪ್ ಸ್ಟ್ಯಾಂಡ್, ಅಟೆಂಡರ್, ಗಂಜಿ ಇರುವ ವಾಕ್ಯ ನಾನೇ ಕಟ್ಟಿದ ಮೇಲೆಯೇ ಪದ ನನ್ನದಾಗುತ್ತದೆ. ಈಗ ಮೂರನೇ ನೋಟ್‌ಬುಕ್ ನಡೆಯುತ್ತಿದೆ.

ಕೊರತೆಗಳೂ ಇವೆ. ತೂಕ ಜಾಸ್ತಿ, ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡಲು ಆಗದು. ಅಕ್ಷರ ಸಣ್ಣವು. ಡ್ಯೂಟಿಯಲ್ಲಿ ಬೇಕಾದಾಗ ಮೊಬೈಲಿನಲ್ಲಿ ಇದೇ ನಿಘಂಟಿನ ವೆಬ್‌ಸೈಟ್ ನೋಡುತ್ತೇನೆ. ದುಡ್ಡು ಕೊಡಬೇಕಿಲ್ಲ, ಉಚ್ಚಾರಣೆಯನ್ನೂ ಕೇಳಬಹುದು. ಕನ್ನಡ ಅರ್ಥ ಒಂದಕ್ಕೂ ಇಲ್ಲ. ಹಾಗಾಗಿ ಇಂಗ್ಲಿಷ್ ವಾಕ್ಯ ಓದುವುದೇ ಕಷ್ಟ ಎನ್ನುವ ಮಕ್ಕಳಿಗೆ ಈಗಲೇ ಕೊಡಬೇಡಿ, ಅವರಿಗೆ ಇಂಗ್ಲಿಷ್-ಕನ್ನಡ ನಿಘಂಟೇ ಮೊದಲು ಬೇಕು. ನನ್ನ ಅಂಗೈಯಗಲದ್ದನ್ನೂ ನಾನು ಎಸೆದಿಲ್ಲ. ಗಿಡ, ಹಕ್ಕಿ, ತರಕಾರಿಯ ಹೆಸರಿಗೆ ಈಗಲೂ ಅದನ್ನೇ ತೆಗೆಯುತ್ತೇನೆ.

ಹಳೆಯದು ಕೊಳ್ಳುವವರು ಅಂಗಡಿಯಲ್ಲೇ ಅಡ್ವೈಸ್ ಇರುವ ಪುಟ ತೆರೆಯಿರಿ. ಆ 'ಯು' ಅಕ್ಷರ, ಕೀಲಿಕೈ ಗುರುತು ಎರಡೂ ಸ್ಪಷ್ಟವಾಗಿ ಕಾಣಬೇಕು. ಕಳ್ಳಪ್ರತಿಯಲ್ಲಿ ಮೊದಲು ಮಸುಕಾಗುವುದು ಇಂಥ ಸಣ್ಣ ಗುರುತುಗಳೇ.