ಒಂದು ಲಗ್ನಪತ್ರಿಕೆ, ಮೂರು ಕಂಪ್ಯೂಟರ್

ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡಿಕೊಂಡಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಆಗೊಮ್ಮೆ ಈಗೊಮ್ಮೆ ಒಂದು ಪಿಎಚ್‌ಡಿ ಪ್ರಬಂಧ. ಹಾಗಾಗಿ ಯಾವ ಕಂಪ್ಯೂಟರ್ ನೋಡಿದರೂ ನನಗೆ ಮೊದಲು ಬೇಕಾದ ಉತ್ತರ ಒಂದೇ: ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೇ ಫೈಲು ತೆರೆಯುತ್ತದೋ ಇಲ್ಲವೋ?

ಅಂಗಡಿಯ ಡೆಸ್ಕ್‌ಟಾಪ್ ಏಳನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್‌ನದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಎಂಟನೇ ತಲೆಮಾರಾದರೂ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್. ಡಬ್ಬ ಗಟ್ಟಿಮುಟ್ಟಾಗಿದ್ದರೂ ಗುಜರಿಗೆ ಹಾಕಬೇಕೇ ಅಂತ ಹೊಟ್ಟೆ ಉರಿಯಿತು. ಅದಕ್ಕೆ ವಿಂಡೋಸ್ ಬದಲು ಉಬುಂಟು 24.04 ಅನ್ನುವ ಉಚಿತ ಲಿನಕ್ಸ್ ಹಾಕಿದೆ. ಪಕ್ಕದಲ್ಲಿ ತಮ್ಮನ ವಿಂಡೋಸ್ 11 ಲ್ಯಾಪ್‌ಟಾಪ್, ಮಗಳ ಎಂ1 ಮ್ಯಾಕ್‌ಬುಕ್ ಏರ್. ಮೂರಕ್ಕೂ ಒಂದೇ ಕೆಲಸ ಕೊಟ್ಟೆ: ಪೇಜ್‌ಮೇಕರ್ 7 ಅನ್ನುವ ಪುಟ ವಿನ್ಯಾಸದ ತಂತ್ರಾಂಶದಲ್ಲಿ, ನುಡಿ ಫಾಂಟಿನಲ್ಲಿ ಮಾಡಿದ್ದ ಒಂದು ಹಳೇ ಲಗ್ನಪತ್ರಿಕೆ.

ವಿಂಡೋಸ್‌ನಲ್ಲಿ ಅದು ಇದ್ದ ಹಾಗೇ ತೆರೆದುಕೊಂಡಿತು, ಗಣಪತಿಯ ಚಿತ್ರವೂ ಜಾಗ ಬಿಟ್ಟು ಕದಲಲಿಲ್ಲ. 2001ರ ತಂತ್ರಾಂಶ ಇಂದಿಗೂ ಓಡುವುದೇ ಅದರ ದೊಡ್ಡಸ್ತಿಕೆ. ಕಾಟ ಅಂದರೆ ಗಿರಾಕಿಗಳ ಪೆನ್‌ಡ್ರೈವ್. ಪ್ರತಿ ಸಲ ವೈರಸ್ ಸ್ಕ್ಯಾನ್ ಮಾಡದೆ ಮುಟ್ಟುವಂತಿಲ್ಲ.

ಮ್ಯಾಕ್ ಪರದೆ ನೋಡಿದ ಮೇಲೆ ನನ್ನ ಮಾನಿಟರ್ ಮಾಸಿದ ಪಂಚೆಯಂತೆ ಕಂಡಿತು. ಫ್ಯಾನೇ ಇಲ್ಲ, ಸದ್ದಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಪ್ಪುವ ಅಕ್ಷರ ಸಂಕೇತ) ಕನ್ನಡದ ಒತ್ತಕ್ಷರಗಳು ಮುದ್ದಾಗಿ ಕೂರುತ್ತವೆ. ಆದರೆ ಪೇಜ್‌ಮೇಕರ್ ಅಲ್ಲಿ ಓಡುವುದಿಲ್ಲ. ನನ್ನ ಬೆರಳಿಗೆ ಅಂಟಿದ ಕೆಜಿಪಿ ಕೀಲಿಮಣೆ (ನುಡಿಯಲ್ಲಿ ಬಳಸುವ ಕೀಲಿಗಳ ಜೋಡಣೆ) ಅದರ ಪಟ್ಟಿಯಲ್ಲಿ ಸಿಗಲಿಲ್ಲ. ರ‍್ಯಾಮ್ ಆಮೇಲೆ ಹೆಚ್ಚಿಸುತ್ತೇನೆ ಅನ್ನುವಂತೆಯೂ ಇಲ್ಲ.

ಅಚ್ಚರಿ ಆದದ್ದು ಉಬುಂಟುವಿನಲ್ಲಿ. ಅದರ ಟೈಪಿಂಗ್ ತಂತ್ರಾಂಶ ಐಬಸ್‌ನಲ್ಲಿ ಕೆಜಿಪಿ ಇತ್ತು! ಅರ್ಧ ಗಂಟೆಯಲ್ಲಿ ಎಂದಿನ ವೇಗಕ್ಕೆ ಬಂದೆ. ಪೇಜ್‌ಮೇಕರ್ ಫೈಲನ್ನು ಲಿಬ್ರೆ ಆಫೀಸ್ ಡ್ರಾ ಅನ್ನುವ ಉಚಿತ ತಂತ್ರಾಂಶ ತೆರೆಯಿತು, ಆದರೆ ‘ಕನ್ನಡ’ ಅನ್ನುವ ಪದದ ಜಾಗದಲ್ಲಿ ಒಂದು ಪಿ, ನೆತ್ತಿಗೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ! ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಒಕ್ಕಲು ಹೊರಗೆ ಬರುತ್ತದೆ. ಫಾಂಟ್ ಹಾಕಿದೆ, ಅಕ್ಷರ ಸರಿಹೋಯಿತು, ಸಾಲುಗಳು ಮಾತ್ರ ಅಲ್ಲಾಡಿದವು. ಯೂನಿಕೋಡ್‌ಗೆ ಪರಿವರ್ತಿಸಿದರೆ ವರನ ಹೆಸರಿನ ಮುಂದಿನ ‘ರ‍್ಯಾಂಕ್ ವಿಜೇತ’ ಹೋಗಿ ‘ರ್ಯಾಂಕ್ ವಿಜೇತ’ ಆಯಿತು. ಇಂಥದ್ದನ್ನು ಕಣ್ಣಲ್ಲೇ ಹುಡುಕಬೇಕು. ಹೆಸರು ಹೇಳಲೊಲ್ಲದ ಒಂದು ಕಂಪನಿಯ ಪ್ರಿಂಟರ್‌ಗೆ ಲಿನಕ್ಸ್ ಡ್ರೈವರೇ ಇರಲಿಲ್ಲ, ಅದಕ್ಕೆ ಅರ್ಧ ದಿನ ಹಾಳು. ಪೆನ್‌ಡ್ರೈವ್ ಚಿಂತೆ ಮಾತ್ರ ಮುಕ್ಕಾಲು ಪಾಲು ಇಳಿಯಿತು.

ಹೊಸ ಪ್ರಬಂಧಗಳೆಲ್ಲ ಈಗ ಉಬುಂಟುವಿನಲ್ಲೇ. ಪ್ರಿಂಟರ್‌ಗೂ ಹಳೇ ಫೈಲುಗಳಿಗೂ ಒಂದು ಸೆಕೆಂಡ್‌ಹ್ಯಾಂಡ್ ವಿಂಡೋಸ್ 11 ತಂದಿಟ್ಟಿದ್ದೇನೆ. ಮ್ಯಾಕ್ ಮಗಳ ಹತ್ತಿರವೇ ಇದೆ. ನಿನ್ನೆ ಒಬ್ಬರು 2009ರ ಪತ್ರಿಕೆ ತಂದು, “ಅಕ್ಕನ ಮದುವೇದು ಸಾರ್, ಹೆಸರು, ತಾರೀಕು ಬದಲಾಯಿಸಿದ್ರೆ ಸಾಕು” ಅಂದರು. ಕುರ್ಚಿಯನ್ನು ವಿಂಡೋಸ್ ಕಡೆಗೆ ತಿರುಗಿಸಿಕೊಂಡೆ.