ಹತ್ತು ವಾರಗಳ ಕಲಾಕೂಟ: ನನ್ನ ಅನುಭವ, ನನ್ನ ಅಭಿಪ್ರಾಯ

ನಿದ್ದೆಗೆಟ್ಟು, ನಾಲ್ಕು ಜನರ ನಡುವೆ ಕೂರುವುದೂ ಭಾರವಾಗಿದ್ದ ದಿನಗಳಲ್ಲಿ, ಆಪ್ತಸಮಾಲೋಚಕರ ಸಲಹೆಯಂತೆ ನಾನು ಒಂದು ಸಮುದಾಯ ಕಲಾಕೂಟಕ್ಕೆ ಸೇರಿದೆ. ವಾರಕ್ಕೊಮ್ಮೆ 2 ಗಂಟೆ, ಒಟ್ಟು 10 ವಾರಗಳ ಕಾರ್ಯಕ್ರಮವದು. ಮೊದಲು ಜೇಡಿಮಣ್ಣು, ಬಣ್ಣ ಅಥವಾ ಕೊಲಾಜ್ ಕೆಲಸ; ಕೊನೆಯ ಅರ್ಧ ಗಂಟೆ ಎಲ್ಲರೂ ಸೇರಿ ಹಾಡುವುದು. ಶಾಲೆ ಬಿಟ್ಟ ಮೇಲೆ ಕುಂಚ ಹಿಡಿಯದವರೇ ನಮ್ಮಲ್ಲಿ ಹೆಚ್ಚಾಗಿದ್ದರು.

ಇಲ್ಲಿ ನನಗೆ ಬಹಳ ಹಿಡಿಸಿದ್ದು, ಯಾರೂ ನನ್ನ ಕಾಯಿಲೆಯನ್ನು ವಿಚಾರಿಸಲಿಲ್ಲ ಎಂಬುದು. ಹೆಸರು ಹೇಳಿ ಪರಿಚಯಿಸಿಕೊಳ್ಳುವುದನ್ನೂ ಮಾರ್ಗದರ್ಶಕಿ ಅವರವರ ಇಷ್ಟಕ್ಕೆ ಬಿಟ್ಟಿದ್ದರು. ಮೊದಲ ಎರಡು ವಾರ ನಾನು ಮಣ್ಣನ್ನು ನಾದಿದೆನೇ ಹೊರತು ಏನನ್ನೂ ಮಾಡಲಿಲ್ಲ. ಅದಕ್ಕೂ ಅಲ್ಲಿ ಜಾಗವಿತ್ತು. ಎದುರುಬದುರು ಕೂತು ಮಾತನಾಡುವಾಗ ಕಟ್ಟಿಹೋಗುವ ಬಾಯಿ, ಇಬ್ಬರ ಕಣ್ಣೂ ಕೈಕೆಲಸದ ಮೇಲಿದ್ದಾಗ ತಾನಾಗಿ ಸಡಿಲವಾಗುತ್ತದೆ. ಮೂರನೆಯ ವಾರ ಪಕ್ಕದವರು ನನ್ನ ಬಟ್ಟಲಿನ ಅಂಚು ಬಿರಿಯುತ್ತಿರುವುದನ್ನು ಕಂಡು ಒದ್ದೆ ಬಟ್ಟೆ ಕೊಟ್ಟರು. ಎಷ್ಟೋ ತಿಂಗಳ ನಂತರ ಅಪರಿಚಿತರೊಬ್ಬರೊಡನೆ ನಾನು ನಿರಾಳವಾಗಿ ಮಾತನಾಡಿದ್ದು ಅಂದೇ.

ಚಿತ್ರ ಬಿಡಿಸಲು ಬಾರದವರಿಗೆ ಇದರಿಂದ ಏನು ಪ್ರಯೋಜನ ಎಂಬ ಅನುಮಾನ ನನಗೂ ಇತ್ತು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 39 ಮಂದಿ ವಯಸ್ಕರು 45 ನಿಮಿಷ ಕಲಾಕೆಲಸ ಮಾಡಿದ ನಂತರ, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್‌ನ ಮಟ್ಟ ಇಳಿದಿತ್ತು. ಕಲೆಯಲ್ಲಿ ಹಿಂದೆ ಪಳಗಿದವರಿಗೂ ಹೊಸಬರಿಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು, ಹೋಲಿಕೆಗೆ ಬೇರೊಂದು ಗುಂಪೂ ಅದರಲ್ಲಿರಲಿಲ್ಲ. ಆದರೂ ನನ್ನ ವಕ್ರ ಬಟ್ಟಲಿನ ಮುಂದೆ ಕೂತಾಗ ಅದು ನನಗೆ ಧೈರ್ಯ ಕೊಟ್ಟಿತು.

ಹಾಡಿನ ಅರ್ಧ ಗಂಟೆಗೆ ನಾನು ಹೆದರಿದ್ದೆ. ಆದರೆ ಹತ್ತಾರು ದನಿಗಳ ನಡುವೆ ನನ್ನದು ಬೇರೆಯಾಗಿ ಕೇಳಿಸುವುದೇ ಇಲ್ಲ. ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಂಡು ಒಂದೇ ಕಡೆ ಬಿಡುವಾಗ ಎದೆಯ ಬಿಗಿ ಇಳಿಯುತ್ತದೆ. ಹೆರಿಗೆಯ ನಂತರದ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರ ಮೇಲೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲಕ್ಷಣಗಳು ಮಧ್ಯಮದಿಂದ ತೀವ್ರ ಮಟ್ಟದಲ್ಲಿದ್ದವರ ಪೈಕಿ 10 ವಾರ ಗುಂಪಿನಲ್ಲಿ ಹಾಡಿದವರು, ಎಂದಿನ ಆರೈಕೆಯನ್ನಷ್ಟೇ ಪಡೆದವರಿಗಿಂತ ಬೇಗ ಚೇತರಿಸಿಕೊಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗವೂ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಆರೋಗ್ಯವನ್ನು ಕಾಪಾಡುವುದರಲ್ಲಿ ಕಲೆಗೆ ಮಹತ್ವದ ಪಾತ್ರವಿದೆಯೆಂದು ವರದಿ ಮಾಡಿದೆ.

ಕೊರತೆಗಳನ್ನೂ ಹೇಳಲೇಬೇಕು. ಎಂಟನೆಯ ವಾರ, ಕೊನೆಯಲ್ಲಿ ಪ್ರದರ್ಶನವಿದೆಯೆಂದು ಇದ್ದಕ್ಕಿದ್ದಂತೆ ಪ್ರಕಟಿಸಿದಾಗ ಕೋಣೆಯ ಹವೆಯೇ ಬದಲಾಯಿತು. ಅಲ್ಲಿಯವರೆಗೆ ತಮಗಾಗಿ ಬಣ್ಣ ಬಳಿಯುತ್ತಿದ್ದವರು ಪಕ್ಕದವರ ಹಾಳೆಯನ್ನು ನೋಡಿ ತಮ್ಮದನ್ನು ಮುಚ್ಚಿಕೊಳ್ಳತೊಡಗಿದರು. ಇಬ್ಬರು ಬರುವುದನ್ನೇ ನಿಲ್ಲಿಸಿದರು. ಪ್ರದರ್ಶನ ಬೇಕಾದವರಿಗೆ ಇರಲಿ, ಆದರೆ ಅದನ್ನು ಮೊದಲ ದಿನವೇ ತಿಳಿಸಿ ಆಯ್ಕೆಗೆ ಬಿಡಬೇಕಿತ್ತು. ಇನ್ನೂ ದೊಡ್ಡ ಕೊರತೆಯೆಂದರೆ ಹತ್ತನೆಯ ವಾರದ ನಂತರ ಏನೂ ಇಲ್ಲದಿರುವುದು. ಒಂಟಿತನದಿಂದ ಬಂದವರಿಗೆ ಒಂದು ಗುಂಪನ್ನು ಕೊಟ್ಟು ಅದನ್ನು ಥಟ್ಟನೆ ಕಿತ್ತುಕೊಂಡಂತೆ ಆಗುತ್ತದೆ. ತಿಂಗಳಿಗೊಮ್ಮೆಯಾದರೂ ಹಳಬರು ಸೇರುವ ವ್ಯವಸ್ಥೆ ಆಗಲೇಬೇಕು.

ಇದು ಔಷಧಿಗೂ ಆಪ್ತಸಮಾಲೋಚನೆಗೂ ಬದಲಿಯಲ್ಲ. ನಾನು ಎರಡನ್ನೂ ಬಿಟ್ಟಿಲ್ಲ. ತರಬೇತಿ ಪಡೆದ ಚಿಕಿತ್ಸಕರು ನಡೆಸುವ ಕಲಾ ಚಿಕಿತ್ಸೆಯೇ ಬೇರೆ, ಇಂಥ ಕೂಟವೇ ಬೇರೆ ಎಂಬುದನ್ನು ಸೇರುವವರು ತಿಳಿದಿರಬೇಕು. ಅಷ್ಟು ತಿಳಿದು ಹೋಗುವವರಿಗೆ, ಅದರಲ್ಲೂ ಮಾತಿನಲ್ಲಿ ಹೇಳಿಕೊಳ್ಳಲು ಇನ್ನೂ ಸಿದ್ಧರಿಲ್ಲದವರಿಗೆ, ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಮುಂದಿನ ಸರದಿಗೆ ನನ್ನ ಹೆಸರನ್ನು ಈಗಾಗಲೇ ಬರೆಸಿದ್ದೇನೆ.